ಲೈನ್ ಕಟ್ಟಾಗಿಲ್ಲ, ನಾನು ಮಾತಾಡ್ತಿದ್ದೇನೆ

ಸಂಪಾದಕರಿಗೆ ನಮಸ್ಕಾರ.

ಮನೆಯಿಂದ ಕೆಲಸ ಮಾಡುವವರ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿದೆ. ಅದಕ್ಕೆ ಓದುಗರು ಬರೆದ ಪತ್ರಗಳನ್ನೂ ಓದಿದೆ. ಓಡಾಟ ಉಳಿಯಿತು, ಮಕ್ಕಳ ಜೊತೆ ಇರಬಹುದು ಎಂದು ಕೆಲವರು ಖುಷಿಪಟ್ಟಿದ್ದಾರೆ. ಇವರೆಲ್ಲ ಹಾಸಿಗೆ ಬಿಟ್ಟು ಏಳದ ಸೋಮಾರಿಗಳು ಎಂದು ಇನ್ನು ಕೆಲವರು ಬೈದಿದ್ದಾರೆ. ಎರಡೂ ನಿಜ ಇರಬಹುದು. ನನ್ನ ಕಥೆ ಇವೆರಡರಲ್ಲೂ ಹಿಡಿಸುವುದಿಲ್ಲ, ಅದಕ್ಕೇ ಬರೆಯಲು ಕೂತೆ. ಸ್ವಲ್ಪ ಉದ್ದ ಆಗುತ್ತದೆ. ಜಾಗ ಸಾಲದಿದ್ದರೆ ಕತ್ತರಿಸಿ, ಬೇಜಾರಿಲ್ಲ.

ನಾನು ಪ್ರೋಗ್ರಾಮರ್. ಆಫೀಸೇ ಇಲ್ಲದ ಒಂದು ಸ್ಟಾರ್ಟಪ್‌ನಲ್ಲಿ ಮೂರು ವರ್ಷ ಎರಡು ತಿಂಗಳು ಕೆಲಸ ಮಾಡಿದೆ. ಇನ್ನೊಂದು ವಿಷಯ, ನನಗೆ ಉಗ್ಗು ಇದೆ.

ಉಗ್ಗು ಅಂದ ಕೂಡಲೇ ಜನ 'ಕ್ಕ ಕ್ಕ ಕ್ಕ' ಅಂತ ಅಂದುಕೊಳ್ಳುತ್ತಾರೆ. ಅದು ಒಂದು ಬಗೆ ಅಷ್ಟೇ. ನನ್ನದು ಸದ್ದಿಲ್ಲದ ಉಗ್ಗು. ಹೇಳಬೇಕಾದ ಪದ ಗೊತ್ತಿರುತ್ತದೆ, ನಾಲಿಗೆ ತುದಿಗೂ ಬಂದಿರುತ್ತದೆ, ಆದರೆ ಗಂಟಲಲ್ಲಿ ಯಾರೋ ಬಾಗಿಲು ಹಿಡಿದು ನಿಂತ ಹಾಗೆ. ಮೂರು ಸೆಕೆಂಡು, ಐದು ಸೆಕೆಂಡು, ಒಮ್ಮೊಮ್ಮೆ ಹತ್ತು ಸೆಕೆಂಡು ಏನೂ ಹೊರಗೆ ಬರುವುದಿಲ್ಲ. ದೊಡ್ಡವರಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಉಗ್ಗು ಇರುತ್ತದೆ. ಹೆಂಗಸರಿಗಿಂತ ಗಂಡಸರಲ್ಲಿ ಜಾಸ್ತಿ. ನಮ್ಮಲ್ಲಿ ಬಹಳ ಜನರಿಗೆ ಎಲ್ಲಕ್ಕಿಂತ ಕಷ್ಟದ ಪದ ನಮ್ಮ ಹೆಸರೇ. ಬೇರೆ ಪದವಾದರೆ ಬದಲಿ ಹುಡುಕಿಕೊಳ್ಳಬಹುದು. ಹೆಸರಿಗೆ ಬದಲಿ ಎಲ್ಲಿಂದ ತರೋದು?

ಬದಲಿ ಹುಡುಕುವುದರಲ್ಲಿ ನಾನು ಪಳಗಿದವನು. ಮೊದಲು ಆರು ವರ್ಷ ಆಫೀಸಿಗೆ ಹೋಗಿ ಕೆಲಸ ಮಾಡಿದ್ದೆ. ಅಲ್ಲಿ ಬೆಳಿಗ್ಗೆ ಎಲ್ಲರೂ ದುಂಡಗೆ ನಿಂತು, ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೇನೆ ಅಂತ ಒಬ್ಬೊಬ್ಬರಾಗಿ ಹೇಳಬೇಕಿತ್ತು. ಸ್ಟ್ಯಾಂಡಪ್ ಅನ್ನುತ್ತಾರೆ. ಸರದಿ ನನ್ನ ಕಡೆಗೆ ಬರುತ್ತಿರುವಾಗ ನಾನು ಯಾರ ಮಾತನ್ನೂ ಕೇಳುತ್ತಿರಲಿಲ್ಲ. ನನ್ನ ವಾಕ್ಯದಲ್ಲಿರುವ ಕಲ್ಲುಗಳನ್ನು ಎಣಿಸುತ್ತಿದ್ದೆ. 'ಡ' ಬಂದರೆ ಸಿಕ್ಕಿಹಾಕಿಕೊಳ್ಳುತ್ತೇನೆ, ಹಾಗಾಗಿ ಮಾಹಿತಿ ಕೂಡಿಡುವ ಜಾಗಕ್ಕೆ ಡೇಟಾಬೇಸ್ ಅನ್ನುವ ಬದಲು 'ಆ ಹಿಂದಿನ ಭಾಗ' ಅನ್ನುತ್ತಿದ್ದೆ. ವಿಷಯ ಗೊತ್ತಿಲ್ಲದವನ ಹಾಗೆ ಕೇಳಿಸುತ್ತಿತ್ತು. ಒಂದು ಸಲ ಮ್ಯಾನೇಜರ್ ನನ್ನನ್ನು ಪಕ್ಕಕ್ಕೆ ಕರೆದು, ಮೂಲ ವಿಷಯಗಳನ್ನು ಇನ್ನೊಮ್ಮೆ ಓದಿಕೋ ಅಂತ ಪ್ರೀತಿಯಿಂದಲೇ ಹೇಳಿದರು. ಆ ಡೇಟಾಬೇಸ್ ಕಟ್ಟಿದವನೇ ನಾನು.

ಇಂಥ ಹೊತ್ತಿನಲ್ಲಿ ಈ ಸ್ಟಾರ್ಟಪ್‌ನ ಜಾಹೀರಾತು ಕಾಣಿಸಿತು. ಅಂಗಡಿಗಳ ಬಿಲ್ಲು ಮತ್ತು ದಾಸ್ತಾನು ಲೆಕ್ಕದ ತಂತ್ರಾಂಶ ಮಾಡುವವರು. ಎಂಟು ಜನ, ಒಂದೊಂದರಲ್ಲಿ ಗಡಿಯಾರ ಬೇರೆಯಾದ ನಾಲ್ಕು ಟೈಮ್‌ಜೋನ್. ಅರ್ಜಿ ಹಾಕಿದೆ. ಸಂದರ್ಶನ ಯಾವಾಗ ಎಂದು ಕೇಳಿದ್ದಕ್ಕೆ ಒಂದು ಚಾಟ್ ಕಿಟಕಿ ಕಳಿಸಿದರು. ಫೋನಿಲ್ಲ, ಕ್ಯಾಮೆರಾ ಇಲ್ಲ. ಒಂದೂವರೆ ಗಂಟೆ ಇಬ್ಬರೂ ಟೈಪ್ ಮಾಡಿದೆವು. ವರ್ಡ್‌ಪ್ರೆಸ್.ಕಾಮ್ ಜಾಲತಾಣ ನಡೆಸುವ ಆಟೊಮ್ಯಾಟಿಕ್ ಕಂಪನಿ ಹೀಗೆ ಬರಹದಲ್ಲೇ ಸಂದರ್ಶನ ಮಾಡುವುದಕ್ಕೆ ಹೆಸರುವಾಸಿ ಎಂದು ಆಮೇಲೆ ಗೊತ್ತಾಯಿತು. ನಮ್ಮ ಸ್ಥಾಪಕರು ಅದನ್ನು ನೋಡಿ ಕಲಿತಿದ್ದರು. ಆ ಒಂದೂವರೆ ಗಂಟೆಯಲ್ಲಿ ನಾನು ಒಂದು ಪದವನ್ನೂ ಬದಲಿಸಲಿಲ್ಲ. ಡೇಟಾಬೇಸ್ ಅಂತಲೇ ಬರೆದೆ. ಹನ್ನೆರಡು ಸಲ ಬರೆದಿದ್ದೇನೆ, ಆಮೇಲೆ ಎಣಿಸಿ ನೋಡಿದೆ.

ಕೆಲಸ ಸಿಕ್ಕಿತು. ಒಂಬತ್ತನೆಯವನಾಗಿ ಸೇರಿದೆ.

ಮೊದಲ ದಿನ ಪೆಟ್ಟಿಗೆಯಲ್ಲಿ ಲ್ಯಾಪ್‌ಟಾಪ್ ಬಂತು. ಅದರ ಜೊತೆ ಹದಿನಾಲ್ಕು ಪುಟದ ಒಂದು ಬರಹದ ಕೊಂಡಿ. ಪಾಸ್‌ವರ್ಡ್ ಎಲ್ಲಿ, ಕೋಡ್ ಎಲ್ಲಿ, ರಜೆ ಹೇಗೆ, ಯಾರು ಯಾವ ಹೊತ್ತಿಗೆ ಎದ್ದಿರುತ್ತಾರೆ, ಎಲ್ಲ ಅದರಲ್ಲಿತ್ತು. ಕೊನೆಯ ಸಾಲಿನಲ್ಲಿ, ಇದರಲ್ಲಿ ತಪ್ಪು ಕಂಡರೆ ನೀವೇ ತಿದ್ದಿ ಎಂದಿತ್ತು. ಮೂರು ತಪ್ಪು ಸಿಕ್ಕವು, ತಿದ್ದಿದೆ. ಕಂಪನಿಗೆ ನಾನು ಮಾಡಿದ ಮೊದಲ ಕೆಲಸ ಅದೇ.

ನಮ್ಮಲ್ಲಿ ಹೆಸರಿಗಿಂತ ಗಂಟೆಯ ಲೆಕ್ಕದಲ್ಲೇ ಜನರ ಗುರುತು. ಒಬ್ಬ ನನಗಿಂತ ಎಂಟು ಗಂಟೆ ಹಿಂದೆ. ಒಬ್ಬಳು ಮೂರು ಗಂಟೆ ಮುಂದೆ. ಎಂಟು ಗಂಟೆ ಹಿಂದಿನವನೇ ನನ್ನ ಜೋಡಿ. ನಾನು ಕೆಲಸ ಮುಗಿಸುವಾಗ ಅವನಿಗೆ ಬೆಳಿಗ್ಗೆ. ದಿನದ ಕೊನೆಗೆ ಅವನಿಗೊಂದು ಚೀಟಿ ಬರೆದಿಡುತ್ತಿದ್ದೆ. ಎಲ್ಲಿಗೆ ನಿಲ್ಲಿಸಿದ್ದೇನೆ, ಯಾವ ದಾರಿ ನೋಡಿ ಬಿಟ್ಟೆ, ಯಾಕೆ ಬಿಟ್ಟೆ, ಇಷ್ಟೇ. ಬೆಳಿಗ್ಗೆ ಎದ್ದರೆ ಅವನ ಚೀಟಿ ಕಾದಿರುತ್ತಿತ್ತು. 'ಯಾಕೆ ಬಿಟ್ಟೆ' ಅನ್ನುವುದನ್ನು ಬರೆಯದಿದ್ದರೆ ಅವನೂ ಅದೇ ಗುಂಡಿಗೆ ಬಿದ್ದು ಒಂದು ಹಗಲು ಕಳೆಯುತ್ತಿದ್ದ. ಎರಡು ಸಲ ಹಾಗಾದ ಮೇಲೆ ಬುದ್ಧಿ ಬಂತು.

ಇದೇನೂ ಹೊಸ ಸಂಗತಿ ಅಲ್ಲ. ಮನೆಯಿಂದ ಕೆಲಸಕ್ಕೆ ಟೆಲಿಕಮ್ಯೂಟಿಂಗ್ ಎಂದು ಅಮೆರಿಕದ ಜಾಕ್ ನಿಲ್ಸ್ ಹೆಸರಿಟ್ಟಿದ್ದು 1973ರಲ್ಲಿ. 1991ರಿಂದ ಲಿನಕ್ಸ್ ಎಂಬ ತಂತ್ರಾಂಶ ಬೆಳೆದು ಬಂದಿದ್ದು ಹೆಚ್ಚಾಗಿ ಒಬ್ಬರ ಮುಖ ಒಬ್ಬರು ನೋಡದ ಜನ ಬರೆದ ಇಮೇಲ್‌ಗಳಲ್ಲಿ. ಅವರಲ್ಲಿ ಯಾರಿಗೆ ಉಗ್ಗಿತ್ತು, ಯಾರಿಗೆ ಕಿವಿ ಕೇಳಿಸುತ್ತಿರಲಿಲ್ಲ, ಯಾರು ನಾಚಿಕೆಯ ಮುದ್ದೆ, ಯಾರಿಗೆ ಗೊತ್ತು? ಗೊತ್ತಾಗಬೇಕಾದ ಅಗತ್ಯವೇ ಬರಲಿಲ್ಲ ನೋಡಿ.

ಎಲ್ಲ ಚೆನ್ನಾಗಿತ್ತು ಅಂತ ಸುಳ್ಳು ಹೇಳುವುದಿಲ್ಲ. ಇಡೀ ವಾರ ಯಾರ ದನಿಯನ್ನೂ ಕೇಳದ ವಾರಗಳಿದ್ದವು. ಚಾಟ್ ಕಿಟಕಿಯಲ್ಲಿ ಹೆಸರಿನ ಪಕ್ಕದ ಹಸಿರು ಚುಕ್ಕೆ ಆರಿಹೋದರೆ ಕೆಲಸ ಬಿಟ್ಟು ಮಲಗಿದ್ದಾನೆ ಅಂದುಕೊಳ್ಳುತ್ತಾರೇನೋ ಎಂದು, ಸುಮ್ನೆ ಕೂತು ಯೋಚಿಸುವಾಗಲೂ ಮೌಸ್ ಅಲ್ಲಾಡಿಸುತ್ತಿದ್ದೆ. ಮೂರು ಗಂಟೆ ಮುಂದಿನವಳಿಗೆ ಬರೆಯುವುದೇ ಶಿಕ್ಷೆ. "ನೀನು ಹತ್ತು ನಿಮಿಷದಲ್ಲಿ ಬರೀತೀಯ. ನಾನು ಕೂತರೆ ಅರ್ಧ ದಿನ ಹೋಗುತ್ತೆ. ಅದೇ ಮಾತಾಡಿದ್ರೆ ಎರಡು ನಿಮಿಷ" ಅಂತ ಒಮ್ಮೆ ಬರೆದಿದ್ದಳು. ಅದನ್ನು ಬರೆಯಲು ಅವಳಿಗೆ ಎಷ್ಟು ಹೊತ್ತು ಹಿಡಿಯಿತೋ! ನನಗೆ ಸ್ವರ್ಗ ಅನ್ನಿಸಿದ ಜಾಗ ಅವಳಿಗೆ ನನ್ನ ಹಳೇ ಸ್ಟ್ಯಾಂಡಪ್ ಇದ್ದ ಹಾಗೆ ಇತ್ತು. ಅದು ನನಗೆ ಅರ್ಥವಾಗಿದ್ದು ಬಹಳ ತಡವಾಗಿ.

ಒಂದು ರಾತ್ರಿಯ ಕಥೆ ಹೇಳಲೇಬೇಕು. ತಪ್ಪು ನನ್ನದೇ.

ಗ್ರಾಹಕರಿಗೆ ದಿನಾ ರಾತ್ರಿ ಬಿಲ್ಲು ಕಳಿಸುವ ಒಂದು ಪ್ರೋಗ್ರಾಮ್ ಬರೆದಿದ್ದೆ. ಅದು ಸರ್ವರ್ ಇರುವ ಊರಿನ ಗಡಿಯಾರದ ಪ್ರಕಾರ ರಾತ್ರಿ ಒಂದೂವರೆಗೆ ಓಡುತ್ತಿತ್ತು. ಕೆಲವು ದೇಶಗಳಲ್ಲಿ ಬೇಸಿಗೆ ಮುಗಿದ ಮೇಲೆ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಆ ರಾತ್ರಿ ಎರಡು ಗಂಟೆ ಆಗುವ ಹೊತ್ತಿಗೆ ಮತ್ತೆ ಒಂದು ಗಂಟೆ ಆಗುತ್ತದೆ. ಅಂದರೆ ಒಂದೂವರೆ ಎರಡು ಸಲ ಬರುತ್ತದೆ. ನನ್ನ ಪ್ರೋಗ್ರಾಮ್ ಪಾಪ ಹೇಳಿದ ಮಾತು ಕೇಳುವಂಥದ್ದು, ಎರಡು ಸಲ ಓಡಿತು. ಎಲ್ಲ ಗ್ರಾಹಕರಿಗೂ ಎರಡೆರಡು ಬಿಲ್ಲು. ಇಂಥ ಕೆಲಸಕ್ಕೆ ಬೇಸಿಗೆ ಚಳಿಗಾಲದ ಗೊಡವೆ ಇಲ್ಲದ, ಇಡೀ ಜಗತ್ತಿಗೆ ಒಂದೇ ಆದ ಯುಟಿಸಿ ಸಮಯ ಇಡಬೇಕು ಎನ್ನುವುದು ಕಲಿಯುವ ಹುಡುಗರಿಗೂ ಗೊತ್ತಿರುವ ಪಾಠ. ನನಗೂ ಗೊತ್ತಿತ್ತು. ಆದರೂ ಇಟ್ಟಿರಲಿಲ್ಲ.

ಎಚ್ಚರ ಇದ್ದವರು ನಾನು ಮತ್ತು ಎಂಟು ಗಂಟೆ ಹಿಂದಿನವನು. ಆಫೀಸಾಗಿದ್ದರೆ ನನ್ನನ್ನು ಒಂದು ಕೋಣೆಗೆ ಎಳೆದು "ಏನಾಯ್ತು ಹೇಳು" ಎನ್ನುತ್ತಿದ್ದರು. ಅಂಥ ಹೊತ್ತಿನಲ್ಲಿ ನನ್ನ ಬಾಯಿಂದ ಒಂದು ಅಕ್ಷರವೂ ಹೊರಡುವುದಿಲ್ಲ. ಅವತ್ತು ಟೈಪ್ ಮಾಡಿದೆ. ಯಾವ ಸಾಲಿನಲ್ಲಿ ತಪ್ಪಿದೆ, ಎಷ್ಟು ಜನರಿಗೆ ಹೋಗಿದೆ, ಈಗ ಯಾವುದನ್ನು ನಿಲ್ಲಿಸುತ್ತಿದ್ದೇನೆ ಎಂದು ಎರಡೆರಡು ನಿಮಿಷಕ್ಕೆ ಒಂದು ಸಾಲು. ಅವನು ಗ್ರಾಹಕರಿಗೆ ಹೋಗಬೇಕಾದ ಪತ್ರ ಸಿದ್ಧ ಮಾಡಿದ. ಮೂರು ಗಂಟೆಯಲ್ಲಿ ಎರಡನೇ ಬಿಲ್ಲುಗಳೆಲ್ಲ ರದ್ದಾದವು. ಬೆಳಿಗ್ಗೆ ಸ್ಥಾಪಕರು ಎದ್ದು ಓದಿದಾಗ ಏನಾಯಿತು ಎಂದು ಯಾರನ್ನೂ ಕೇಳಬೇಕಾಗಿ ಬರಲಿಲ್ಲ. ಎಲ್ಲ ಅಲ್ಲೇ ಇತ್ತು, ನಿಮಿಷ ನಿಮಿಷದ ಲೆಕ್ಕದಲ್ಲಿ.

ಆಮೇಲೆ ಅದರ ವರದಿ ಬರೆಯುವಾಗ 'ನಾನು ಮಾಡಿದ ತಪ್ಪು' ಎಂದು ಶುರು ಮಾಡಿದ್ದೆ. ಸ್ಥಾಪಕರಲ್ಲೊಬ್ಬರು ಆ ಮೂರು ಪದ ಹೊಡೆದುಹಾಕಿ, ಗಿಟ್‌ಲ್ಯಾಬ್ ಕಂಪನಿಯ ಒಂದು ವರದಿಯ ಕೊಂಡಿ ಹಾಕಿದರು. ಜನ ಬರೆದ ಕೋಡ್ ಕಾಪಿಡುವ ಅದೂ ಆಫೀಸಿಲ್ಲದ ಕಂಪನಿಯೇ. 2017ರ ಜನವರಿ 31ರ ರಾತ್ರಿ ಅಲ್ಲಿನ ಒಬ್ಬ ಎಂಜಿನಿಯರ್ ಬೇರೆ ಸರ್ವರ್ ಎಂದುಕೊಂಡು ಅಸಲಿ ಡೇಟಾಬೇಸನ್ನೇ ಅಳಿಸಿಬಿಟ್ಟಿದ್ದರು. ಸುಮಾರು 300 ಗಿಗಾಬೈಟ್. ಬ್ಯಾಕಪ್ ನೋಡಿದರೆ ಒಂದೂ ಸರಿಯಾಗಿ ಕೆಲಸ ಮಾಡಿರಲಿಲ್ಲ. ಅದೃಷ್ಟಕ್ಕೆ ಆರು ಗಂಟೆ ಹಿಂದೆ ಬೇರೆ ಕೆಲಸಕ್ಕೆಂದು ತೆಗೆದಿಟ್ಟ ಒಂದು ನಕಲು ಸಿಕ್ಕಿತು. ಕಂಪನಿ ತನ್ನ ಟಿಪ್ಪಣಿಗಳನ್ನು ಎಲ್ಲರೂ ಓದುವ ಹಾಗೆ ತೆರೆದಿಟ್ಟಿತು, ದುರಸ್ತಿಯನ್ನು ಯೂಟ್ಯೂಬ್‌ನಲ್ಲಿ ನೇರವಾಗಿ ತೋರಿಸಿತು. ವರದಿಯಲ್ಲಿ ಆ ಎಂಜಿನಿಯರ್ ಹೆಸರಿಲ್ಲ. 'ತಂಡದ ಸದಸ್ಯ 1' ಅಂತಷ್ಟೇ ಇದೆ. ನಾನೂ ನಮ್ಮ ಕಂಪನಿಯ ತಂಡದ ಸದಸ್ಯ 1 ಆದೆ. ಆ ಹೆಸರು ಹೇಳಲು ನನಗೆ ಯಾವ ಕಷ್ಟವೂ ಇಲ್ಲ, ಅದು ಬೇರೆ ಮಾತು.

ಹೀಗೆ ಎರಡು ವರ್ಷ. ಆಮೇಲೆ ಹೂಡಿಕೆ ಬಂತು.

ಹನ್ನೊಂದು ಜನ ಇದ್ದವರು ಹತ್ತು ತಿಂಗಳಲ್ಲಿ ಐವತ್ತೆಂಟಾದೆವು. ಹೊಸದಾಗಿ ಬಂದವರು ಒಳ್ಳೆಯವರೇ. ಆದರೆ ಅವರಿಗೆ ಬರೆದು ಕಾಯುವ ಅಭ್ಯಾಸ ಇರಲಿಲ್ಲ. ಒಂದು ಪ್ರಶ್ನೆ ಬರೆದಿಟ್ಟು ಇನ್ನೊಬ್ಬರು ಏಳುವ ತನಕ ಕಾಯುವುದು ಅವರಿಗೆ ಕೆಲಸ ನಿಂತ ಹಾಗೆ ಕಾಣಿಸಿತು. "ಐದು ನಿಮಿಷ ಕಾಲ್‌ಗೆ ಬಾ" ಶುರುವಾಯಿತು. ಐದು ನಿಮಿಷ ಮೂವತ್ತಾಯಿತು. ದಿನದ ಸ್ಟ್ಯಾಂಡಪ್ ಬಂತು. ಕ್ಯಾಮೆರಾ ಹಾಕಿರಬೇಕು ಎಂಬ ನಿಯಮ ಬಂತು, ಪರಸ್ಪರ ನಂಬಿಕೆ ಬೆಳೆಯಲಿ ಎಂದು. ಹದಿನಾಲ್ಕು ಪುಟದ ಆ ಬರಹವನ್ನು ಯಾರೂ ತಿದ್ದದೆ ಅದು ಹಳತಾಯಿತು. ತೀರ್ಮಾನಗಳು ಕಾಲ್‌ನಲ್ಲಿ ಆಗುತ್ತಿದ್ದವು, ಕಾಲ್ ಮುಗಿದ ಮೇಲೆ ಗಾಳಿಗೆ ಹೋಗುತ್ತಿದ್ದವು. ಎಂಟು ಗಂಟೆ ಹಿಂದಿನವನು ಎದ್ದು ನೋಡಿದರೆ ಅವನು ಬರೆದ ಕೋಡ್ ಬದಲಾಗಿರುತ್ತಿತ್ತು, ಯಾಕೆಂದು ಎಲ್ಲೂ ಇರುತ್ತಿರಲಿಲ್ಲ.

ನಾನು ಹೆದರಿದ್ದು ಸ್ಟ್ಯಾಂಡಪ್‌ಗೆ. ಆಫೀಸಿನಲ್ಲಿ ನಾನು ಸಿಕ್ಕಿಹಾಕಿಕೊಂಡರೆ ಎದುರಿಗಿದ್ದವರಿಗೆ ಕಾಣುತ್ತಿತ್ತು. ಕುತ್ತಿಗೆ ಬಿಗಿಯುವುದು, ಕಣ್ಣು ಮುಚ್ಚುವುದು, ಅದನ್ನು ನೋಡಿ ಕಾಯುತ್ತಿದ್ದರು. ವೀಡಿಯೋದಲ್ಲಿ ನಾನೊಂದು ಸಣ್ಣ ಚೌಕ. ಮಾತು ಕಟ್ಟಿದಾಗ ನಾನು ಅಲುಗಾಡುವುದೂ ಇಲ್ಲ. ಸದ್ದೂ ಇಲ್ಲ, ಚಲನೆಯೂ ಇಲ್ಲ. ನೋಡುವವರಿಗೆ ಏನನ್ನಿಸಬೇಕು?

"ನಿಮ್ಮ ನೆಟ್‌ವರ್ಕ್ ಹೋಯ್ತು ಅನ್ಸುತ್ತೆ. ಮುಂದಿನವರಿಗೆ ಹೋಗೋಣ."

ಮೊದಲ ಸಲ ಹಾಗೆ ಹೇಳಿದಾಗ ನನಗೆ ನಗು ಬಂತು. ಎರಡನೇ ಸಲ ಬರಲಿಲ್ಲ. ಮೂರನೇ ಸಲ ನಾನೇ ಚಾಟ್‌ನಲ್ಲಿ 'ಕ್ಷಮಿಸಿ, ನೆಟ್‌ವರ್ಕ್ ಸಮಸ್ಯೆ' ಎಂದು ಬರೆದೆ. ಅದು ಬಹಳ ಸುಲಭದ ಸುಳ್ಳು. ಉಗ್ಗು ಇದೆ ಎಂದು ಐವತ್ತು ಜನರ ಮುಂದೆ ಹೇಳುವುದಕ್ಕಿಂತ ಸುಲಭ. ಹೇಳುವುದಾದರೂ ಬಾಯಲ್ಲೇ ಹೇಳಬೇಕಲ್ವಾ? ಎರಡು ತಿಂಗಳು ಈ ಸುಳ್ಳು ನಡೆಯಿತು. ಆಮೇಲೆ ಕಂಪನಿಯವರು ಪಾಪ ನನ್ನ ಕಷ್ಟ ನೋಡಲಾರದೆ, ತಮ್ಮ ಖರ್ಚಿನಲ್ಲಿ ಇದ್ದುದಕ್ಕಿಂತ ನಾಲ್ಕು ಪಟ್ಟು ವೇಗದ ಇಂಟರ್‌ನೆಟ್ ಹಾಕಿಸಿಕೊಟ್ಟರು. ಆ ವೇಗದಲ್ಲಿ ನನ್ನ ಮೌನ ಒಂದು ಚೂರೂ ಕೆಡದೆ ಅವರನ್ನು ತಲುಪುತ್ತಿತ್ತು.

ವೀಡಿಯೋ ಕಾಲ್ ಯಾಕೆ ಇಷ್ಟು ದಣಿಸುತ್ತದೆ ಎಂದು ಸ್ಟ್ಯಾನ್‌ಫರ್ಡ್‌ನ ಪ್ರಾಧ್ಯಾಪಕ ಜೆರೆಮಿ ಬೇಲೆನ್ಸನ್ 2021ರಲ್ಲಿ ಬರೆದಿದ್ದಾರೆ. ಮುಖಗಳು ತೀರಾ ಹತ್ತಿರದಲ್ಲಿ ದಿಟ್ಟಿಸುತ್ತಿರುತ್ತವೆ, ನಮ್ಮ ಮುಖವನ್ನು ನಾವೇ ನೋಡುತ್ತಿರಬೇಕು, ಎದ್ದು ಓಡಾಡುವ ಹಾಗಿಲ್ಲ, ಸನ್ನೆಗಳನ್ನು ಕಷ್ಟಪಟ್ಟು ಓದಬೇಕು. ಎರಡನೆಯದರ ಬಗ್ಗೆ ನಾನೊಂದು ಮಾತು ಸೇರಿಸುತ್ತೇನೆ. ಮೂವತ್ತು ವರ್ಷದಿಂದ ಉಗ್ಗುತ್ತಿದ್ದೇನೆ, ಆದರೆ ಉಗ್ಗುವಾಗ ನನ್ನ ಮುಖ ಹೇಗಿರುತ್ತದೆ ಎಂದು ನೋಡಿರಲಿಲ್ಲ. ಅದನ್ನು ದಿನಾ ಬೆಳಿಗ್ಗೆ ತೋರಿಸಿದ್ದು ಈ ಕಾಲ್‌ಗಳು.

ಮಾತಿನ ಟಿಪ್ಪಣಿಯನ್ನು ತಾನಾಗಿಯೇ ಬರೆಯುವ ಯಂತ್ರವನ್ನೂ ತಂದರು. ಬರಹ ವಾಪಸ್ ಬಂತು ಅಂತ ನನಗೆ ಆಸೆ. ಒಂದು ಸಭೆಯಲ್ಲಿ ಹೊಸ ದಾಸ್ತಾನು ಲೆಕ್ಕದ ತೊಡಕನ್ನು ನಾನು ಮೂರು ನಿಮಿಷ ಹಿಡಿದು ವಿವರಿಸಿದ್ದೆ. ಉಗ್ಗದವನಿಗೆ ಅದು ನಲವತ್ತು ಸೆಕೆಂಡಿನ ಮಾತು. ಯಂತ್ರ ಕೊಟ್ಟ ಸಾರಾಂಶದಲ್ಲಿ ನನ್ನ ಹೆಸರಿನ ಮುಂದೆ ಅರ್ಧ ವಾಕ್ಯ ಇತ್ತು. ನನ್ನ ಮಾತನ್ನು ಎತ್ತಿಕೊಂಡು "ಅಂದ್ರೆ ನೀವು ಹೇಳ್ತಿರೋದು ಹೀಗೆ" ಎಂದು ಪೂರ್ತಿ ಮಾಡಿದವರ ಹೆಸರಿನ ಮುಂದೆ ಒಂದು ಪ್ಯಾರಾ. ಅವರ ತಪ್ಪಿಲ್ಲ, ಅವರು ಸಹಾಯ ಮಾಡಲೆಂದೇ ಹೇಳಿದ್ದು. ಯಂತ್ರ ಕೇಳಿಸಿಕೊಂಡಿದ್ದನ್ನು ಬರೆದಿದೆ.

ಒಂದು ಪ್ರಯತ್ನ ಮಾಡಿದೆ. ಅಮೆಜಾನ್‌ನಲ್ಲಿ ಜೆಫ್ ಬೆಜೋಸ್ 2004ರಲ್ಲಿ ಹಿರಿಯರ ಸಭೆಗಳಿಂದ ಪವರ್‌ಪಾಯಿಂಟ್ ತೆಗೆದುಹಾಕಿ, ವಿಷಯವನ್ನು ಪೂರ್ತಿ ವಾಕ್ಯಗಳಲ್ಲಿ ಬರೆದು ತರಬೇಕು ಎಂದಿದ್ದರು. ಅಲ್ಲಿ ಸಭೆ ಶುರುವಾಗುವಾಗ ಎಲ್ಲರೂ ಸುಮ್ಮನೆ ಕೂತು ಅದನ್ನು ಓದುತ್ತಾರೆ. ಇದನ್ನೇ ನಾವೂ ಮಾಡೋಣ ಎಂದು ಎರಡು ಪುಟ ಬರೆದು ಮ್ಯಾನೇಜರ್‌ಗೆ ಕಳಿಸಿದೆ. ಮೂರು ವಾರ ನಡೆಯಿತು. ಸಭೆಯ ಮೊದಲ ಹತ್ತು ನಿಮಿಷ ಎಲ್ಲರೂ ನನ್ನ ಹಾಗೆ ಮೌನ. ನನಗೆ ಎಷ್ಟು ಹಾಯಾಗಿತ್ತು ಅಂತೀರಾ! ನಾಲ್ಕನೇ ವಾರ ಯಾರೋ, "ಓದೋದನ್ನ ಮೊದಲೇ ಓದಿಕೊಂಡು ಬನ್ನಿ, ಟೈಮ್ ಉಳಿಯುತ್ತೆ" ಅಂದರು. ಯಾರೂ ಓದಿಕೊಂಡು ಬರಲಿಲ್ಲ. ಅಲ್ಲಿಗೆ ಮುಗಿಯಿತು.

ವರ್ಷದ ಕೊನೆಗೆ ಬಡ್ತಿ ಸಿಗಲಿಲ್ಲ. ಕೆಲಸ ಚೆನ್ನಾಗಿದೆ, ಆದರೆ ಇನ್ನೂ ಸ್ವಲ್ಪ ಕಾಣಿಸಿಕೊಳ್ಳಬೇಕು ಎಂದರು. ನಿಮ್ಮ ಬರಹದಲ್ಲಿ ಚೀನಾದ ಸಿ-ಟ್ರಿಪ್ ಕಂಪನಿಯ ಪ್ರಯೋಗದ ಮಾತು ಬಂದಿತ್ತು. ಸ್ಟ್ಯಾನ್‌ಫರ್ಡ್‌ನ ನಿಕೋಲಸ್ ಬ್ಲೂಮ್ ಮತ್ತು ಜೊತೆಗಾರರು ಮಾಡಿ 2015ರಲ್ಲಿ ಪ್ರಕಟಿಸಿದ್ದು. ಒಂಬತ್ತು ತಿಂಗಳು ಮನೆಯಿಂದ ಕೆಲಸ ಮಾಡಿದವರ ಕೆಲಸ ಶೇ 13ರಷ್ಟು ಹೆಚ್ಚಿತು ಎಂದು ನೀವು ಬರೆದಿದ್ದೀರಿ. ಅದು ಸರಿ. ಆದರೆ ಅದೇ ಪ್ರಬಂಧದಲ್ಲಿ ಇನ್ನೊಂದು ವಿಷಯ ಇದೆ. ಅಷ್ಟೇ ಚೆನ್ನಾಗಿ ಕೆಲಸ ಮಾಡಿದವರನ್ನು ಹೋಲಿಸಿದರೆ, ಮನೆಯಲ್ಲಿದ್ದವರಿಗೆ ಬಡ್ತಿ ಸಿಕ್ಕಿದ್ದು ಕಡಿಮೆ. ಕಣ್ಣಿಗೆ ಬೀಳದವರನ್ನು ಮರೆಯುತ್ತಾರೆ. ಅವರೆಲ್ಲ ಕಾಲ್‌ಸೆಂಟರ್ ಜನ, ದಿನವಿಡೀ ಮಾತಾಡುವುದೇ ಅವರ ಕೆಲಸ. ಅವರ ಗತಿಯೇ ಹಾಗಾದರೆ ನನ್ನದು ಕೇಳಬೇಕೆ?

ಕಂಪನಿ ಎಲ್ಲರನ್ನೂ ಒಂದು ಸಲ ಒಂದೇ ಊರಿಗೆ ಕರೆಸಿತು, ನಾಲ್ಕು ದಿನಕ್ಕೆ. ಎಂಟು ಗಂಟೆ ಹಿಂದಿನವನನ್ನು ಮೊದಲ ಸಲ ನೋಡಿದೆ. ಎರಡೂವರೆ ವರ್ಷ ದಿನಾ ಚೀಟಿ ಬರೆದುಕೊಂಡವರು. ಅವನ ಚೀಟಿಗಳನ್ನು ಓದಿ ಸಣ್ಣಗಿನ, ಚುರುಕಿನ ಒಬ್ಬನನ್ನು ಕಲ್ಪಿಸಿಕೊಂಡಿದ್ದೆ. ಬಾಗಿಲಿಗೆ ತಲೆ ತಾಗುವ ಆಳು ಬಂದ. ಕೈ ಚಾಚಿ ಹೆಸರು ಹೇಳಿದ. ನಾನು ನನ್ನ ಹೆಸರು ಹೇಳಲು ಹೋದೆ. ಬರಲಿಲ್ಲ. ಹತ್ತು ಸೆಕೆಂಡಿಗಿಂತ ಜಾಸ್ತಿಯೇ ಆಗಿರಬೇಕು. ಅವನು ಕೈ ಬಿಡಲಿಲ್ಲ, ಕಣ್ಣು ತಿರುಗಿಸಲೂ ಇಲ್ಲ. ಕೊನೆಗೆ ಹೆಸರು ಹೊರಗೆ ಬಿತ್ತು. ಅವನು ಕೇಳಿದ್ದು ಒಂದೇ. "ಹಾಗಾದ್ರೆ ಆ ನೆಟ್‌ವರ್ಕ್?" ನಾನು ತಲೆಯಾಡಿಸಿದೆ. ಇಬ್ಬರೂ ಬಹಳ ಹೊತ್ತು ನಕ್ಕೆವು.

ವಾಪಸ್ ಹೋದ ಮೇಲೆ ಅವನು ಒಂದು ಕೆಲಸ ಮಾಡಿದ. ಸ್ಟ್ಯಾಂಡಪ್ ಅವನಿಗೆ ನಡುರಾತ್ರಿ, ಬರಬೇಕೆಂದೇನೂ ಇರಲಿಲ್ಲ. ಆದರೂ ವಾರಕ್ಕೆರಡು ಸಲ ಬರತೊಡಗಿದ. ನಾನು ಸಿಕ್ಕಿಹಾಕಿಕೊಂಡ ಕೂಡಲೇ ಚಾಟ್‌ನಲ್ಲಿ ಒಂದು ಸಾಲು ಬರೆಯುತ್ತಿದ್ದ: 'ಲೈನ್ ಕಟ್ಟಾಗಿಲ್ಲ, ಅವನು ಮಾತಾಡ್ತಿದ್ದಾನೆ.' ಹಾಗೆ ಬರೆಯಬಹುದೇ ಎಂದು ಮೊದಲೇ ನನ್ನನ್ನು ಕೇಳಿದ್ದ. ಎರಡು ವಾರದಲ್ಲಿ ಎಲ್ಲರಿಗೂ ಗೊತ್ತಾಯಿತು, ಎಲ್ಲರೂ ಕಾಯುವುದನ್ನು ಕಲಿತರು. ಮೂರು ಗಂಟೆ ಮುಂದಿನವಳು ಒಂದು ದಿನ ನನಗೆ, "ನಿನ್ನ ಮಾತು ನಾನು ಆಡ್ತೀನಿ ಅಂದ್ರೆ ನಗಬೇಡ. ನೀನು ನನ್ನ ವರದಿ ಬರೀ, ನಾನು ನಿನ್ನ ಡೆಮೋ ಮಾಡ್ತೀನಿ" ಎಂದು ಕಳಿಸಿದಳು. ಆ ಒಪ್ಪಂದ ಕೊನೆಯ ತನಕ ನಡೆಯಿತು. ಯಾವ ಮ್ಯಾನೇಜರ್‌ಗೂ ಗೊತ್ತಿಲ್ಲ. ಈಗ ಗೊತ್ತಾದರೂ ಚಿಂತೆಯಿಲ್ಲ.

ಕೊನೆ ಅಂದೆನಲ್ಲ, ಅದು ಹದಿನೈದು ನಿಮಿಷದ ಒಂದು ಕಾಲ್. ಅದರ ಆಹ್ವಾನ ಅರ್ಧ ಗಂಟೆ ಮೊದಲು ಬಂತು. ನಮ್ಮ ಹತ್ತೊಂಬತ್ತು ಜನರ ಹೆಸರಿತ್ತು. ಹಣ ಮುಗಿಯುತ್ತಿದೆ, ನಿಮ್ಮ ಹುದ್ದೆಗಳು ಇಂದಿಗೆ ಮುಗಿಯುತ್ತವೆ ಎಂದು ಓದಿದರು. ಕಾಗದದಲ್ಲಿ ಬರೆದುಕೊಂಡು ಓದಿದರು, ಅದು ನನ್ನ ಕಣ್ಣಿಗೆ ಬಿತ್ತು.

ಸ್ಟಾರ್ಟಪ್‌ನಲ್ಲಿ ಸಂಬಳದ ಒಂದು ಭಾಗದ ಬದಲಿಗೆ ಷೇರು ಕೊಳ್ಳುವ ಹಕ್ಕು ಕೊಡುತ್ತಾರೆ. ಸಾಮಾನ್ಯವಾಗಿ ನಾಲ್ಕು ವರ್ಷಕ್ಕೆ ಪೂರ್ತಿ ಕೈಗೆ ಬರುತ್ತದೆ, ಮೊದಲ ಒಂದು ವರ್ಷ ಏನೂ ಇಲ್ಲ. ಕೆಲಸ ಬಿಟ್ಟರೆ ಅಲ್ಲಿಯವರೆಗೆ ಬಂದದ್ದನ್ನು ಬಹಳ ಕಡೆ 90 ದಿನದೊಳಗೆ ನಮ್ಮ ಹಣ ಹಾಕಿ ಕೊಂಡುಕೊಳ್ಳಬೇಕು, ಇಲ್ಲದಿದ್ದರೆ ಹೋಯಿತು. ನಮಗೂ 90 ದಿನವೇ, ಅಥವಾ ಕೆಲಸದಿಂದ ತೆಗೆದವರಿಗೆ ಜಾಸ್ತಿ ಕೊಡುತ್ತಾರಾ? ಅದನ್ನು ಕೇಳಬೇಕಿತ್ತು. ಪ್ರಶ್ನೆ ಇದ್ದರೆ ಕೇಳಿ ಎಂದರು. ಮ್ಯೂಟ್ ತೆಗೆದೆ. ಬಾಯಿ ತೆರೆದೆ.

ಬರಲಿಲ್ಲ. ಎಂಟು ಗಂಟೆ ಹಿಂದಿನವನು ಆ ಕಾಲ್‌ನಲ್ಲಿ ಇರಲಿಲ್ಲ. ಅವನ ಕೆಲಸ ಉಳಿದಿತ್ತು. ಚಾಟ್ ಮುಚ್ಚಿದ್ದರು. ಓದಿದವರು ನಮ್ಮ ತಂಡದವರಲ್ಲ, ನನ್ನನ್ನು ನೋಡಿದವರೂ ಅಲ್ಲ. "ನಿಮ್ಮ ಆಡಿಯೋ ಬರ್ತಿಲ್ಲ. ಏನಿದ್ರೂ ಮೇಲ್ ಮಾಡಿ" ಎಂದರು. ಕಾಲ್ ಮುಗಿಯಿತು. ಮೇಲ್ ತೆರೆಯಲು ಹೋದರೆ ಖಾತೆ ಆಗಲೇ ಮುಚ್ಚಿತ್ತು. ಸ್ವಂತ ಖಾತೆಯಿಂದ ಬರೆದೆ. ಒಂಬತ್ತು ದಿನಕ್ಕೆ ಉತ್ತರ ಬಂತು. 90 ದಿನ, ಅದರಲ್ಲಿ ಒಂಬತ್ತು ಕಳೆದಿವೆ. ನಾನು ಕೊಳ್ಳಲಿಲ್ಲ. ಕಂಪನಿ ಮಾರಾಟವಾದರೂ ಮೊದಲು ಹೂಡಿಕೆದಾರರ ಹಣ ವಾಪಸ್, ಉಳಿದರೆ ನಮಗೆ. ಅಷ್ಟು ಹಣ ಹಾಕುವ ಧೈರ್ಯ ಬರಲಿಲ್ಲ.

ಈಗ ಕೆಲಸ ಹುಡುಕುತ್ತಿದ್ದೇನೆ. ಮನೆಯಿಂದಲೇ ಕೆಲಸ ಅನ್ನುವ ಜಾಹೀರಾತುಗಳು ಸಿಗುತ್ತವೆ. ಮೊದಲ ಹಂತದಲ್ಲೇ ಒಂದು ಕೊಂಡಿ ಬರುತ್ತದೆ. ತೆರೆದರೆ ಎದುರಿಗೆ ಮನುಷ್ಯರೇ ಇಲ್ಲ. ಪ್ರಶ್ನೆ ಮೂಡುತ್ತದೆ, ಅರವತ್ತು ಸೆಕೆಂಡಿನ ಗಡಿಯಾರ ಓಡುತ್ತದೆ, ಕ್ಯಾಮೆರಾಕ್ಕೆ ಮಾತಾಡಬೇಕು. ಮೊದಲ ಪ್ರಶ್ನೆ ಯಾವಾಗಲೂ ಒಂದೇ, ನಿಮ್ಮ ಹೆಸರು ಹೇಳಿ ನಿಮ್ಮನ್ನು ಪರಿಚಯಿಸಿಕೊಳ್ಳಿ. ಇಲ್ಲಿಯವರೆಗೆ ನಾಲ್ಕು ಕಡೆ ಹೆಸರಿನಲ್ಲೇ ಗಡಿಯಾರ ಮುಗಿದಿದೆ. ಇದೇ ಉತ್ತರವನ್ನು ಬರೆದು ಕೊಡಬಹುದೇ ಎಂದು ಮೂರು ಕಂಪನಿಗಳಿಗೆ ಕೇಳಿದೆ. ಎರಡು ಕಡೆಯಿಂದ ಉತ್ತರ ಇಲ್ಲ. ಒಂದು ಕಡೆಯಿಂದ ಬಂದಿದೆ, ಮುಂದಿನ ಮಂಗಳವಾರ ಚಾಟ್‌ನಲ್ಲಿ ಕೂರೋಣ ಎಂದು.

ಮನೆಯಿಂದ ಕೆಲಸದ ಬಗ್ಗೆ ನೀವು ಮತ್ತೆ ಬರೆಯುವುದಾದರೆ, ಮಾತಿಗಿಂತ ಬರಹದಲ್ಲಿ ಸಲೀಸಾಗಿ ಇರುವ ಜನರನ್ನೂ ವಿಚಾರಿಸಿ ಎಂದು ಕೇಳಲು ಈ ಪತ್ರ. ಮೂರು ಗಂಟೆ ಮುಂದಿನವಳಂಥವರನ್ನೂ ವಿಚಾರಿಸಿ. ಅವಳಿಗಾದರೆ ಫೋನ್ ಮಾಡಬೇಕಾಗುತ್ತದೆ.

ನನ್ನ ಹೆಸರು ಹಾಕಬೇಡಿ, ಮಂಗಳವಾರದ ಕೆಲಸ ಇನ್ನೂ ಸಿಕ್ಕಿಲ್ಲ. ಪತ್ರ ನಿಜವಾಗಿ ನನ್ನದೇ ಎಂದು ಖಾತ್ರಿ ಮಾಡಿಕೊಳ್ಳಲು ಪತ್ರಿಕೆಯವರು ಫೋನ್ ಮಾಡುತ್ತಾರೆ ಎಂದು ಕೇಳಿದ್ದೇನೆ. ಮಾಡಿ, ನಂಬರ್ ಬೇರೆ ಚೀಟಿಯಲ್ಲಿ ಬರೆದಿದ್ದೇನೆ. ನೀವು ಹೆಸರು ಕೇಳುತ್ತೀರಿ. ಆಮೇಲೆ ಸ್ವಲ್ಪ ಹೊತ್ತು ಏನೂ ಕೇಳಿಸುವುದಿಲ್ಲ. ದಯವಿಟ್ಟು ಫೋನ್ ಇಡಬೇಡಿ.

ಇಂತಿ,
ನಿಮ್ಮ ಒಬ್ಬ ಓದುಗ